ಬಿಳಿ ಮಾತ್ರೆ ಬಿಡಲಾ?

ಪರದೆಯ ಆಚೆ ದೊಡ್ಡಮ್ಮ ನನ್ನನ್ನು ಹೊಗಳುತ್ತಿದ್ದಳು. ಈಚೆ ನಾನು ಬಸ್ ಡ್ರೈವರೊಬ್ಬನ ಸೊಂಟದ ಮೇಲೆ ಅಂಗೈ ಊರಿ ನಿಂತಿದ್ದೆ.

"ಕತ್ತುನೋವು ಹೋಗ್ಲಿ ಬಿಡಿ, ನನ್ನ ಪ್ರೆಶರ್ ಮಾತ್ರೇನೇ ಬಿಡಿಸ್ಬಿಟ್ಟ! ಹನ್ನೊಂದು ವರ್ಷದಿಂದ ನುಂಗ್ತಿದ್ದೆ. ಈಗ ತಿಂಗಳಾಯ್ತು, ಮುಟ್ಟಿಲ್ಲ."

"ಹೌದಾ!" ಕಾಯುತ್ತಿದ್ದ ಇಬ್ಬರೂ ಒಟ್ಟಿಗೆ ಅಂದರು.

ನನ್ನ ಕೈ ನಿಂತಿತು. "ಏನಾಯ್ತು ಸಾರ್?" ಎಂದ ಡ್ರೈವರ್, ಮೇಜಿನ ತೂತಿನಲ್ಲಿ ಮುಖ ಹುದುಗಿಸಿಕೊಂಡೇ.

"ಏನಿಲ್ಲ, ಉಸಿರು ಬಿಡಿ" ಎಂದೆ.

ನಾನು ಕೈರೋಪ್ರಾಕ್ಟರ್. ಬೆನ್ನಿನ, ಕತ್ತಿನ ಕೀಲುಗಳನ್ನು ಬರಿಗೈಯಲ್ಲಿ ಸಡಿಲಿಸುವವನು. ಸಡಿಲವಾಗುವಾಗ ಕೀಲು ಟಕ್ ಎನ್ನುತ್ತದೆ. ಒಳಗಿನ ಗಾಳಿಗುಳ್ಳೆಯ ಸದ್ದು, ಅಷ್ಟೇ. ಬಂದವರಿಗೆ ಮಾತ್ರ ಆ ಸದ್ದೇ ಔಷಧಿ. ಕೇಳಿಸದ ದಿನ ಮುಖ ಸಪ್ಪೆ ಮಾಡಿಕೊಂಡು ಹೋಗುತ್ತಾರೆ. ಕೇಳಿಸಿದರೆ, ನಿದ್ದೆ ಬಂತು, ಹಸಿವಾಯಿತು, ಗಂಡನ ಮೇಲೆ ರೇಗುವುದು ಕಡಿಮೆಯಾಯಿತು ಎಂದು ಮುಂದಿನ ವಾರ ವರದಿ ಒಪ್ಪಿಸುತ್ತಾರೆ. ನೋವು ಹೋದವರಿಗೆ ಅವೆಲ್ಲ ಆಗುವುದೂ ಉಂಟು. ಆದರೆ ಈ ಪಟ್ಟಿ ಎಲ್ಲಿ ಮುಗಿಯಬೇಕು ಎಂದು ನಾನು ಯಾರಿಗೂ ಹೇಳಿರಲಿಲ್ಲ. ಮುಗುಳ್ನಗುತ್ತಿದ್ದೆ.

ದೊಡ್ಡಮ್ಮ ದರ್ಜಿ. ಮೂವತ್ತು ವರ್ಷ ಹೊಲಿಗೆ ಮಿಷನ್ನಿನ ಮೇಲೆ ಬಗ್ಗಿ ಬಗ್ಗಿ ಅವಳ ಕತ್ತು ಮರದ ಕೊರಡಾಗಿತ್ತು. ಮೊದಲ ಸಲ ಟಕ್ ಎಂದಾಗ ಅವಳು ಬಿದ್ದು ಬಿದ್ದು ನಕ್ಕಳು. "ಆಗದವರಿಗೆಲ್ಲ ನಾನು ಜೀವಮಾನವಿಡೀ ಪುಕ್ಕಟೆ ನೆಟಿಕೆ ಮುರಿದೆ ಕಣೋ. ನೀನು ಅದಕ್ಕೊಂದು ಡಿಗ್ರೀನೇ ಮಾಡ್ಕೊಂಡ್ಯಲ್ಲ!" ಅಂದಿನಿಂದ ಅವಳ ಬಾಯಲ್ಲಿ ನಾನು ನೆಟಿಕೆ ಡಾಕ್ಟರ್.

ಹೊಸಬರು ಬಂದರೆ ಮೊದಲು ಒಂದು ಹಾಳೆ ತುಂಬಿಸಿಕೊಳ್ಳುತ್ತೇನೆ. ಪ್ರೆಶರ್ ಇದೆಯೇ, ಯಾವ ಯಾವ ಮಾತ್ರೆ, ಎಷ್ಟು ಹೊತ್ತಿಗೆ. ಕತ್ತಿಗೆ ಕೈ ಹಾಕುವುದು ಅದಾದ ಮೇಲೆಯೇ. ದೊಡ್ಡಮ್ಮನಿಗೆ ಹಾಳೆ ಕೊಡಲಿಲ್ಲ. ಚಿಕ್ಕಂದಿನಲ್ಲಿ ನನ್ನ ಚಡ್ಡಿ ಹೊಲಿದುಕೊಟ್ಟವಳಿಗೆ ಎಂಥ ಹಾಳೆ? ಅವಳಿಗೆ ಪ್ರೆಶರ್ ಇರುವುದು ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಪಕ್ಕದ ಮನೆಯ ಬಾಗಿಲಿನ ಬಣ್ಣ ಗೊತ್ತಿರುವ ಹಾಗೆ ಗೊತ್ತಿತ್ತು.

ಎರಡನೆಯ ಸಲ ಬಂದು ಹೊರಡುವಾಗ ಅವಳು ಚಪ್ಪಲಿ ಮೆಟ್ಟಿಕೊಳ್ಳುತ್ತ ಕೇಳಿದ್ದಳು: "ಆ ಬಿಳಿ ಮಾತ್ರೆ ಬಿಡಲಾ?"

ನೋವಿನ ಮಾತ್ರೆ ಎಂದುಕೊಂಡೆ. ಮೇಜಿನ ಕಾಗದ ಬದಲಿಸುತ್ತಿದ್ದವನು ತಿರುಗಿಯೂ ನೋಡದೆ, "ಬಿಡು, ಇನ್ಯಾಕೆ ಅದು?" ಎಂದೆ. ಸ್ವಲ್ಪ ಜಂಬದಿಂದಲೇ.

ಡ್ರೈವರನ್ನು ಕಳಿಸಿ ದೊಡ್ಡಮ್ಮನನ್ನು ಒಳಗೆ ಕರೆದೆ. ಅವಳು ಮೇಜು ಹತ್ತಿ ತಾನಾಗಿಯೇ ಬೋರಲಾಗಿ ಮಲಗಿದಳು.

"ಮೂರು ದಿನದಿಂದ ಹಿಂದಲೆ ಸಿಡೀತಿದೆ ಕಣೋ. ದಾರ ಪೋಣಿಸೋಕೆ ಹೋದ್ರೆ ಎರಡೆರಡು ಸೂಜಿ ಕಾಣ್ಸತ್ತೆ. ಒಂದು ಗಟ್ಟಿ ನೆಟಿಕೆ ಮುರಿ, ನೋಡೋಣ."

ಅವಳ ಕತ್ತು ನನ್ನ ಅಂಗೈಗಳ ನಡುವೆ ಬೆಚ್ಚಗಿತ್ತು. ಮಾತ್ರೆ ಬಿಟ್ಟ ಮೇಲೆ ಇದನ್ನು ಮೂರು ಸಲ ತಿರುವಿದ್ದೆ. ಕೈ ತೆಗೆದೆ.

"ಏಳು ದೊಡ್ಡಮ್ಮ, ಮೆಲ್ಲಗೆ. ಎದುರುಗಡೆ ಡಾಕ್ಟರ್ ಹತ್ರ ಹೋಗೋಣ."

"ನೀನಿರೋವಾಗ ಅವರ್ಯಾಕೋ?"

"ನಾನು ಬಿಡು ಅಂದಿದ್ದು ನೋವಿನ ಮಾತ್ರೆ. ಪ್ರೆಶರ್ ಮಾತ್ರೆ ಅಲ್ಲ."

"ಎರಡೂ ಬಿಳೀನೇ ಅಲ್ವೇನೋ?"

"ಹೌದು. ಯಾವುದು ಅಂತ ನಾನು ಕೇಳ್ಬೇಕಿತ್ತು."

ಅವಳು ಎದ್ದು ಕೂತು ನನ್ನ ಮುಖ ನೋಡಿದಳು. ಆಮೇಲೆ ಪರದೆಯತ್ತ ನೋಡಿ ದನಿ ತಗ್ಗಿಸಿದಳು. "ಕೂಗಬೇಡ್ವೋ. ಹೊರಗಿನವರು ಕೇಳಿಸ್ಕೊಂಡ್ರೆ ನಿನ್ನ ಹತ್ರ ಯಾರು ಬರ್ತಾರೆ?"

ನಾನು ಕೂಗಿರಲಿಲ್ಲ.

"ಇಷ್ಟು ಬೇಗ ಮುಗೀತಾ?" ಎಂದು ಕೇಳಿದ ಹೊರಗಿನವರಿಗೆ, ನಾನು ಬಾಯಿ ತೆರೆಯುವ ಮೊದಲೇ ಅವಳು, "ತಲೆ ಹೂವಿನ ಹಾಗಿದೆ" ಎಂದಳು. ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದಳು. ಅವಳ ಸುಳ್ಳನ್ನು ನಾನು ತಿದ್ದಲಿಲ್ಲ.

ಎದುರಿನ ಡಾಕ್ಟರಮ್ಮ ಅವಳ ತೋಳಿಗೆ ಪಟ್ಟಿ ಸುತ್ತಿ ಅಂಕಿ ನೋಡಿದರು. ಇನ್ನೊಂದು ತೋಳಿಗೂ ಸುತ್ತಿದರು. ಇನ್ನೂರು ದಾಟಿತ್ತು. ಕೇಳಿದ್ದಕ್ಕೆ, ಪ್ರೆಶರ್ ಮಾತ್ರೆ ಮುಟ್ಟದೆ ತಿಂಗಳಾಯ್ತು ಎಂದಳು ದೊಡ್ಡಮ್ಮ.

"ಈಗಲೇ ಆಸ್ಪತ್ರೆಗೆ ಹೋಗ್ಬೇಕು. ಆಂಬುಲೆನ್ಸ್ ಕರೀತೀನಿ. ಮಾತ್ರೆ ನಿಲ್ಸಿದ್ದು ಯಾರು?"

"ಯಾರೂ ಇಲ್ಲ. ಮರೆವು" ಎಂದಳು ದೊಡ್ಡಮ್ಮ.

"ತಿಂಗಳಿಡೀ ಮರೆವಾ? ಜೀವ ಬೇಡ್ವಾ ನಿಮಗೆ?"

ಯಾರಿಂದಲೂ ಒಂದು ಮಾತು ಅನ್ನಿಸಿಕೊಳ್ಳದ ದೊಡ್ಡಮ್ಮ ತಲೆ ತಗ್ಗಿಸಿ ಬೈಸಿಕೊಂಡಳು. ನಾನು ತುಟಿ ಬಿಚ್ಚಿದ್ದೇ ತಡ, ಮೇಜಿನಡಿಯಲ್ಲಿ ನನ್ನ ಕಾಲು ತುಳಿದಳು.

"ನೀವು ಇವರಿಗೇನಾಗ್ಬೇಕು?" ಡಾಕ್ಟರಮ್ಮ ನನ್ನತ್ತ ತಿರುಗಿದರು.

"ಮಗ" ಎಂದೆ. "ತಂಗಿ ಮಗ."

ನಿಜವೇ. ಆದರೂ ಬಚ್ಚಿಟ್ಟುಕೊಳ್ಳುವುದಕ್ಕೆ ಅಷ್ಟು ಜಾಗ ಸಾಕಾಗಿತ್ತು. ಅವರು ಆಸ್ಪತ್ರೆಗೆ ಚೀಟಿ ಬರೆಯತೊಡಗಿದರು. ಒಂದು ಸಾಲು, ಎರಡು ಸಾಲು. ಮೂರನೆಯದರಲ್ಲಿ ಇರಬೇಕಾದದ್ದು ನನಗೊಬ್ಬನಿಗೇ ಗೊತ್ತಿತ್ತು.

"ನಿಲ್ಸಿದ್ದು ನಾನೇ" ಎಂದೆ. "ಎದುರಿನ ಕ್ಲಿನಿಕ್ ನಂದು. ಆಮೇಲೂ ಮೂರು ಸಲ ಇವರ ಕತ್ತು ತಿರುವಿದ್ದೀನಿ. ಅದನ್ನೂ ಬರೀರಿ."

ಪೆನ್ನು ನಿಂತಿತು. ಡಾಕ್ಟರಮ್ಮ ಮೂರನೆಯ ಸಾಲು ಬರೆದರು, ಅಡಿಗೆರೆ ಎಳೆದರು. ನನ್ನ ಪಾದದ ಮೇಲಿನ ಭಾರ ಇಳಿಯಿತು. ದೊಡ್ಡಮ್ಮ ಕಾಲು ಹಿಂದಕ್ಕೆಳೆದುಕೊಂಡು ಗೋಡೆಯ ಕಡೆ ಮುಖ ತಿರುಗಿಸಿದ್ದಳು.

"ಸುಮ್ನಿರು ಅಂದ್ರೆ ಕೇಳ್ಬಾರ್ದೇನೋ" ಎಂದಳು, ನನ್ನನ್ನು ನೋಡದೆ.