ಬೇರ್ಪಡಿಸುವ ವಿದ್ಯೆ

ನಾನು ಒಂದು ಪದ, ಡಚ್ಚರ ಮಾತಿನದು. ಹೆಸರು ಸ್ಖೈಕುಂಡೆ. 'ಸ್ಖೈ' ಎಂದರೆ ಬೇರ್ಪಡಿಸುವುದು, 'ಕುಂಡೆ' ಎಂದರೆ ವಿದ್ಯೆ. ನೀವು ರಸಾಯನಶಾಸ್ತ್ರ ಎನ್ನುವುದನ್ನು ಅಲ್ಲಿ ನನ್ನ ಹೆಸರಿನಿಂದ ಕರೆಯುತ್ತಾರೆ. ಅದಿರಿನಿಂದ ಲೋಹವನ್ನು, ನೀರಿನಿಂದ ಉಪ್ಪನ್ನು ಬಿಡಿಸುವುದೇ ನನ್ನ ಕುಲಕಸುಬು. ಅಂಥ ನಾನು ಹುಟ್ಟಿದ್ದು ಮಾತ್ರ ಎರಡು ಪದಗಳ ಗಂಟಿನಿಂದ. ನಗು ಬಂದರೆ ನಗಿ.

ಎಷ್ಟೋ ಪುಸ್ತಕಗಳಲ್ಲಿ, ಎಷ್ಟೋ ಮಾಸ್ತರರ ಬಾಯಲ್ಲಿ ಬಾಳಿ, ಕೊನೆಗೆ ಡಚ್ಚರ ನಾಡಿನ ಡೆಲ್ಫ್ಟ್ ಊರಿನ ಬಾಡಿಗೆ ಮನೆಯೊಂದರಲ್ಲಿ ಕಸ್ತೂರಿಯ ಕೈಗೆ ಬಂದೆ. ಗದಗಿನ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದವಳು, ಗಂಡನ ಕೆಲಸಕ್ಕಾಗಿ ನೌಕರಿ ಬಿಟ್ಟು ಬಂದಿದ್ದಳು. ಡಚ್ ಕಲಿತು ಮತ್ತೆ ಪಾಠ ಹೇಳಬೇಕೆಂಬ ಹಟ ಅವಳದು. ಮೊದಲು ಕಲಿತದ್ದು ನನ್ನನ್ನೇ. ಚೀಟಿಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದಳು.

"ಏನಿದು, ಕುಂಡಿ ಶಾಸ್ತ್ರ ಕಲಿಯಾಕತ್ತಿಯೇನ?" ಎಂದು ಗಂಡ ಮಹಾಂತೇಶ ನಕ್ಕ.

"ನಗಬ್ಯಾಡ್ರಿ, ವಿದ್ಯಾ ಅದು," ಎಂದು ಅವಳೂ ಬಿದ್ದು ಬಿದ್ದು ನಕ್ಕಳು. ಆ ಮನೆಯಲ್ಲಿ ಅವರು ಕೂಡಿ ನಕ್ಕಿದ್ದು ಅದೇ ಕೊನೆ.

ಆಮೇಲೆ ಅವನ ಮಾತು ಕಡಿಮೆಯಾಯಿತು. ಒಂದು ಭಾನುವಾರ ಅವಳು ರೊಟ್ಟಿ ಬಡಿಯುತ್ತಿದ್ದಾಗ ಕಾಗದವೊಂದನ್ನು ಪಕ್ಕದಲ್ಲಿಟ್ಟ.

"ಮನಿ ಬಾಡಗಿ ಕಾಗದ. ಇಲ್ಲೊಂದು ಸಹಿ ಮಾಡು."

ಹಿಟ್ಟಿನ ಕೈ ಒರೆಸಿಕೊಂಡು ಪೆನ್ನು ಹಿಡಿದಳು. ಅವಳ ಡಚ್ ಇನ್ನೂ ಅಷ್ಟಕ್ಕಷ್ಟೇ. ಆದರೆ ಮೇಲಿನ ಸಾಲಿನ ಉದ್ದನೆಯ ಪದದ ನಡುವೆ ನನ್ನ ಅರ್ಧ ಅವಳ ಕಣ್ಣಿಗೆ ಬಿತ್ತು: ಎಖ್ತ್‌ಸ್ಖೈಡಿಂಗ್. ಕಾಗದ ನೋಡಿದಳು, ಗೋಡೆ ನೋಡಿದಳು, ಮತ್ತೆ ಕಾಗದ ನೋಡಿದಳು. ನನ್ನನ್ನು ನೋಡಬೇಡ ತಾಯಿ ಎಂದು ಕೂಗಬೇಕೆನಿಸಿತು. ಪದಕ್ಕೆ ತನ್ನದೇ ಬಾಯಿ ಎಲ್ಲಿ?

"ಇದರಾಗ ಏನನ್ನ ಬ್ಯಾರೆ ಮಾಡಾಕತ್ತೀರಿ?" ಎಂದಳು.

ಅವನು ನೆಲ ನೋಡಿದ. "ನಮ್ಮನ್ನ," ಎಂದ. ಅದು ವಿಚ್ಛೇದನದ ಕಾಗದ.

ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. "ಕೇಳಿದ್ರ ಕೊಡ್ತಿದ್ದೆ. ಬಾಡಗಿ ಕಾಗದ ಅಂತ ಯಾಕ ಅಂದ್ರಿ?" ಎಂದವಳು, ಕನ್ನಡದಲ್ಲೇ ಸಹಿ ಮಾಡಿದಳು. ನನ್ನ ಎದೆ ಒಡೆಯಿತು. ಪ್ರೀತಿಯಿಂದ ಕಲಿತವಳಿಗೆ ನಾನೇ ಆ ಸುದ್ದಿ ಹೇಳಬೇಕಾಯಿತು.

ಈಗ ಅವಳು ಮರಳಿ ಬಂದು ಪಾಠ ಹೇಳುವ ಗದಗಿನ ಒಂದು ಶಾಲೆಯಲ್ಲಿ, ಅವಳ ಹಳೆಯ ಪುಸ್ತಕದ ನಡುವೆ ಹಳದಿಯಾಗಿ ಮಲಗಿದ್ದೇನೆ. ಉಪ್ಪನ್ನೂ ನೀರನ್ನೂ ಬೇರ್ಪಡಿಸಿ ನಾನು ಎಂದೂ ನೊಂದವನಲ್ಲ. ಅವು ಒಂದನ್ನೊಂದು ನಂಬಿ ಊರು ಬಿಟ್ಟು ಬಂದಿರುವುದಿಲ್ಲವಲ್ಲ.

ಮೊನ್ನೆ ಪಾಠದ ನಡುವೆ ಚೀಟಿ ಜಾರಿ ಬಿತ್ತು. ಒಬ್ಬ ಹುಡುಗಿ ಅದನ್ನೆತ್ತಿ, "ಇದೇನ್ರೀ ಟೀಚರ್?" ಎಂದಳು. ಕಸ್ತೂರಿ ನನ್ನ ಹೆಸರು ಓದಿದಳು. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು.

"ನಗಬ್ಯಾಡ್ರಿ, ವಿದ್ಯಾ ಅದು," ಎಂದು ಅವಳು ಬೋರ್ಡಿನ ಕಡೆ ತಿರುಗಿದಳು. ಉಪ್ಪು, ನೀರು ಎಂದು ಬರೆದು, ಎರಡರ ನಡುವೆ ಒಂದು ಗೆರೆ ಎಳೆದಳು.