ಬೊಳ್ಳಿ ಮತ್ತು ಜಗಲಿಯ ಹುಲಿ

ಕೋಳಿ ತೊಗಲು ಮೊಟ್ಟೆ ಇಡುವುದಕ್ಕೂ ಗಂಡ ಶಬರಿಮಲೆಗೆ ಮಾಲೆ ಹಾಕುವುದಕ್ಕೂ ಎಂಥ ಸಂಬಂಧ ಎಂದು ನೀವು ಕೇಳಬಹುದು. ನಮ್ಮ ಮನೆಯವರೂ ಹಾಗೆಯೇ ಕೇಳಿದರು, ಅದೂ ನನ್ನ ತಲೆಯಲ್ಲಿ ಇರುವುದು ಬರೀ ತೌಡು ಎನ್ನುವ ದನಿಯಲ್ಲಿ. ಸಂಬಂಧ ಉಂಟು. ಹೇಳುತ್ತೇನೆ, ಕೇಳಿ.

ಎಂಬತ್ತೆರಡನೇ ಇಸವಿಯ ಮಾತು. ನರಿಕೊಂಬಿನಲ್ಲಿ ಹೊಳೆಯ ಬದಿಗೆ ನಮ್ಮ ಮನೆ. ನನ್ನ ಗಂಡ ಲೋಕನಾಥ ಮೀನಿಲ್ಲದೆ ಒಂದು ತುತ್ತು ಇಳಿಸದ ಮನುಷ್ಯ. ಅದರಲ್ಲೂ ಮರ್ವಾಯಿ ಎಂದರೆ ಪ್ರಾಣ. ಹೊಳೆಯ ಮರಳಿನಲ್ಲಿ ಸಿಗುವ ಆ ಚಿಪ್ಪಿನ ಹುಳುವನ್ನು ತೆಂಗಿನಕಾಯಿ ಹಾಕಿ ಸುಕ್ಕ ಮಾಡಿ ಬಡಿಸಿದರೆ ಬಾಳೆಲೆಯ ಪಕ್ಕದಲ್ಲಿ ಖಾಲಿ ಚಿಪ್ಪಿನ ಗುಡ್ಡೆ ಏಳುತ್ತಿತ್ತು. ಅದನ್ನು ಹಿತ್ತಿಲಿಗೆ ಎಸೆಯುವುದು, ಕೋಳಿಗಳು ಕೆದರಿ ಚೂರುಗಳನ್ನು ನುಂಗುವುದು, ಇದು ನಾನು ಮದುವೆಯಾಗಿ ಬಂದಂದಿನಿಂದ ನಡೆದುಕೊಂಡು ಬಂದದ್ದು. ಅದರಿಂದ ಏನಾದರೂ ಉಪಕಾರ ಇದೆ ಎಂದು ನಮಗೆ ಗೊತ್ತಿರಲಿಲ್ಲ.

ಆ ವರ್ಷ ಇವರಿಗೆ ಮಾಲೆ ಹಾಕುವ ಮನಸ್ಸಾಯಿತು. ಮನಸ್ಸು ಮಾಡಿಸಿದವರು ನನ್ನ ಅಕ್ಕನ ಗಂಡ, ಮೂಡಬಿದ್ರೆಯ ಮುಂಡಪ್ಪ ಬಾವ. ಬಾವ ಎಷ್ಟೋ ಸಲ ಬೆಟ್ಟ ಹತ್ತಿ ಗುರುಸ್ವಾಮಿಯಾದವರು. ಆಳು ಅಕ್ಕಿಮುಡಿಯ ಹಾಗೆ. ಅವರು ಕೂತರೆ ಬೆಂಚು ಮೊದಲು ಅಳುತ್ತದೆ, ಆಮೇಲೆ ಸುಮ್ಮನಾಗುತ್ತದೆ.

"ವ್ರತ ಅಂದ್ರೆ ಅರ್ಧಂಬರ್ಧ ಆಗಬಾರದು" ಎಂದು ಬಾವ ಹೇಳಿದ್ದೇ ತಡ, ಇವರು ಸೊಂಟ ಕಟ್ಟಿ ನಿಂತರು. ಹೊರಜಗಲಿಯ ಗೋಡೆಗೆ ದಪ್ಪಕ್ಕೆ ಸುಣ್ಣ ಬಳಿದು ಅಯ್ಯಪ್ಪನ ಪಟ ಇಟ್ಟರು. ಹಿತ್ತಿಲನ್ನು ಹಾರೆಯಲ್ಲಿ ಕೆರೆದು ಒಂದು ಮೀನಿನ ಮುಳ್ಳು, ಒಂದು ಮರ್ವಾಯಿ ಚಿಪ್ಪು ಉಳಿಯದ ಹಾಗೆ ಬುಟ್ಟಿಗೆ ತುಂಬಿ ಹೊಳೆಗೆ ಸುರಿದು ಬಂದರು. ಪಕ್ಕದ ಮನೆಯ ಮೊಯಿದಿನಬ್ಬ ಸೈಕಲ್ಲಿನಲ್ಲಿ ಮೀನು ಮಾರುವವರು. ಅವರು ಕೂಡ ನಮ್ಮ ಗೇಟಿನ ಹತ್ತಿರ ಬಂದಾಗ ಪೋಂ ಪೋಂ ನಿಲ್ಲಿಸಿ, ಇಳಿದು, ಸೈಕಲ್ ತಳ್ಳಿಕೊಂಡು ದಾಟತೊಡಗಿದರು. ಅಷ್ಟು ಶುದ್ಧ ನಮ್ಮ ಮನೆ!

ನನಗೂ ಸುಖವೇ ಆಯಿತು ಎನ್ನಿ. ಮಾಲೆ ಹಾಕಿದವರು ಸಿಟ್ಟು ಮಾಡುವ ಹಾಗಿಲ್ಲ, ಸುಳ್ಳು ಹೇಳುವ ಹಾಗಿಲ್ಲ. ಬೆಲ್ಲದ ಡಬ್ಬ ಕೆಳಗೆ ಬಿದ್ದರೂ ಇವರು ಕಣ್ಣು ಮುಚ್ಚಿ "ಸ್ವಾಮಿ ಶರಣಂ" ಎನ್ನುತ್ತಿದ್ದರು. ಮದುವೆಯಾದ ಮೇಲೆ ಅಷ್ಟು ಶಾಂತಿ ನಾನು ಕಂಡದ್ದಿಲ್ಲ.

ಆ ಶಾಂತಿಯನ್ನು ಕೆಡಿಸಿದ್ದು ಬೊಳ್ಳಿ. ಬೊಳ್ಳಿ ಎಂದರೆ ನನ್ನ ಬಿಳಿ ಹೇಂಟೆ. ಬೆಳ್ತಂಗಡಿಯ ನನ್ನ ತವರಿನಿಂದ ಅಮ್ಮ ಕೊನೆಯ ಸಲ ಕೊಟ್ಟು ಕಳಿಸಿದ ಮರಿ ಅದು. ಬಸ್ಸಿನಲ್ಲಿ ಬುಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಂಡೇ ತಂದಿದ್ದೆ. ಅಮ್ಮ ಮತ್ತೆ ಹೆಚ್ಚು ದಿನ ಇರಲಿಲ್ಲ. ಹಾಗಾಗಿ ಬೊಳ್ಳಿಯ ಮೇಲೆ ನನಗೆ ಪ್ರೀತಿ ಸ್ವಲ್ಪ ಜಾಸ್ತಿ, ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ.

ವ್ರತ ಶುರುವಾಗಿ ಸ್ವಲ್ಪ ದಿನಕ್ಕೆ ಬೊಳ್ಳಿ ತೊಗಲು ಮೊಟ್ಟೆ ಇಡತೊಡಗಿದಳು. ಚಿಪ್ಪೇ ಇಲ್ಲ, ಬರೀ ಪೊರೆ. ಹಿಡಿದರೆ ಬುಳುಬುಳು. ಗೂಡಿನಲ್ಲಿ ಇಟ್ಟರೆ ಬೇಡ ಎನ್ನುವವರು ಯಾರು? ಅವಳು ದಾರಿಯಲ್ಲಿ ನಡೆಯುತ್ತ ನಡೆಯುತ್ತ ಉದುರಿಸುತ್ತಿದ್ದಳು. ಇವರು ಬೆಳಗಿನ ಚಳಿಯಲ್ಲಿ ಸ್ನಾನ ಮಾಡಿ, ಕಪ್ಪು ಪಂಚೆ ಉಟ್ಟು, ಬರಿಗಾಲಲ್ಲಿ ಜಗಲಿಗೆ ಬರುವಾಗ ಅದರ ಮೇಲೆ ಕಾಲಿಟ್ಟರು. ಪಚಕ್! ಮೈಲಿಗೆ. ಮತ್ತೆ ಸ್ನಾನ. ಮರುದಿನವೂ ಪಚಕ್, ಮರುದಿನವೂ ಸ್ನಾನ. ಕೊನೆಗೆ ಇವರಿಗೆ ಶೀತವಾಗಿ ಶರಣು ಕೂಗುವಾಗ ಮೂಗಿನಿಂದಲೇ ಅರ್ಧ ಬರುತ್ತಿತ್ತು.

"ಮಾಲೆ ತೆಗೆದ ಮರುದಿನ ಕೋರಿ ರೊಟ್ಟಿ" ಎಂದರು ಒಂದು ದಿನ, ಬಹಳ ಶಾಂತವಾಗಿ. "ಬಾವನಿಗೂ ಹೇಳಿ ಆಯ್ತು. ಕೋರಿಗೆ ಕೋಳಿ ಯಾವುದು ಅಂತ ಗೊತ್ತುಂಟಲ್ಲ?"

ನಾನು ಬೊಳ್ಳಿಯನ್ನು ಎತ್ತಿ ಕಂಕುಳಿಗೆ ಸೇರಿಸಿಕೊಂಡೆ. "ಮಾಲೆ ಹಾಕಿ ಕೊಲ್ಲುವ ಯೋಚನೆ ಮಾಡ್ತೀರಲ್ಲ, ನಾಚಿಕೆ ಆಗುವುದಿಲ್ವಾ?"

"ಯೋಚನೆ ಅಲ್ಲ ಮಾರಾಯ್ತಿ, ಏರ್ಪಾಡು. ಮೊಟ್ಟೆ ಇಡುವ ಕೋಳಿಯನ್ನು ನಮ್ಮಲ್ಲಿ ಯಾರೂ ಕೊಯ್ಯುವುದಿಲ್ಲ. ಇದು ಇಡುವುದು ಮೊಟ್ಟೆಯಾ?"

"ಸರಿಯಾದ ಮೊಟ್ಟೆ ಇಟ್ರೆ?"

"ಬೆಟ್ಟಕ್ಕೆ ಹೊರಡುವ ದಿನ ಇರುಮುಡಿ ಗಂಟು ಕಟ್ಟುವುದರೊಳಗೆ ಒಂದೇ ಒಂದು ಗಟ್ಟಿ ಮೊಟ್ಟೆ ಇಡಲಿ, ಅದು ಸಾಯುವವರೆಗೆ ಅದರ ಸುದ್ದಿಗೆ ಹೋಗುವುದಿಲ್ಲ. ಸ್ವಾಮಿ ಶರಣಂ."

ಮಾಲೆ ಹಾಕಿ ಕೊಟ್ಟ ಮಾತು. ನಾನು ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡೆ.

ಬೊಳ್ಳಿಯನ್ನು ಬುಟ್ಟಿಯಲ್ಲಿ ಹಾಕಿ ಪೇಟೆಯ ದನದ ಆಸ್ಪತ್ರೆಗೆ ಹೋದೆ. ಅಲ್ಲಿ ಕಂಪೌಂಡರ್ ಗಜಾನನ ಅವಳ ಹೊಟ್ಟೆ ಮುಟ್ಟಿ ನೋಡಿ, "ಕಾಯಿಲೆ ಎಂತದ್ದೂ ಇಲ್ಲ, ಕ್ಯಾಲ್ಸಿಯಂ ಸಾಲದು. ಮೊಟ್ಟೆಗೆ ಚಿಪ್ಪು ಆಗಬೇಕಾದ್ರೆ ಅವಳು ಚಿಪ್ಪು ತಿನ್ನಬೇಕಲ್ಲ. ಮರ್ವಾಯಿ ಚಿಪ್ಪು ಕುಟ್ಟಿ ಹಾಕಿ" ಎಂದರು.

ಆಗ ನನಗೆ ಫಕ್ಕನೆ ಹೊಳೆಯಿತು. ಇವರು ಮಾಲೆ ಹಾಕಿ ಬೊಳ್ಳಿಯ ಕೈಯಲ್ಲೂ ವ್ರತ ಮಾಡಿಸಿದ್ದಾರೆ! ಮನೆಗೆ ಬಂದು ಹೇಳಿದರೆ ಇವರು ಕೇಳಿದ್ದೇ ಆ ಪ್ರಶ್ನೆ, ನನ್ನ ಮಾಲೆಗೂ ಕೋಳಿಯ ಮೊಟ್ಟೆಗೂ ಎಂಥ ಸಂಬಂಧ ಎಂದು. ಮರ್ವಾಯಿ ಚಿಪ್ಪು ಗೇಟಿನೊಳಗೆ ಬರಕೂಡದು ಎಂದೂ ಹೇಳಿದರು.

ಮೊಯಿದಿನಬ್ಬರ ಬೇಲಿಯ ಹತ್ತಿರ ಹೋಗಿ ಕೇಳಿದೆ. "ಒಂದು ಮುಷ್ಟಿ ಚಿಪ್ಪು ಕೊಡಿ. ಗುಟ್ಟಾಗಿ ಹಾಕ್ತೇನೆ."

ಅವರು ಎರಡು ಹೆಜ್ಜೆ ಹಿಂದೆ ಸರಿದರು. "ಬೇಡ ಜಲಜಕ್ಕ, ದಮ್ಮಯ್ಯ. ಸ್ವಾಮಿ ಬೆಟ್ಟಕ್ಕೆ ಹೋಗುವವರು. ನನ್ನ ಚಿಪ್ಪಿನಿಂದಾಗಿ ದಾರಿಯಲ್ಲಿ ಎಂತಾದ್ರೂ ಆದ್ರೆ ನನಗೆ ನಿದ್ದೆ ಬರ್ಲಿಕ್ಕುಂಟಾ?"

ನೋಡಿ, ನಮ್ಮ ವ್ರತದ ಕಾಳಜಿ ನನಗಿಂತ ಅವರಿಗೆ ಜಾಸ್ತಿ. ನನಗೆ ಸಿಟ್ಟೂ ಬಂತು, ಅಳುವೂ ಬಂತು. "ನಿಮ್ಮ ಹಿತ್ತಿಲಲ್ಲಿ ಅಷ್ಟು ದೊಡ್ಡ ಚಿಪ್ಪಿನ ರಾಶಿ ಉಂಟಲ್ಲ, ಅದನ್ನು ಎಂತ ಮಾಡ್ತೀರಿ ಮತ್ತೆ?"

"ಸುಣ್ಣದ ಗೂಡಿಗೆ ಕೊಡ್ತೇನೆ. ಸುಟ್ಟು ಸುಣ್ಣ ಮಾಡ್ತಾರೆ. ನಿಮ್ಮ ಜಗಲಿಗೆ ಸ್ವಾಮಿ ಬಳಿದದ್ದು ಕೂಡ ನಮ್ಮದೇ ಚಿಪ್ಪು!"

ನಾನು ಅಲ್ಲಿಯೇ ನಿಂತು ನಕ್ಕೆ. ಅವರಿಗೆ ಏಕೆಂದು ಗೊತ್ತಾಗಲಿಲ್ಲ. ಇವರು ಚಿಪ್ಪನ್ನು ಹಿಂದಿನ ಬಾಗಿಲಿನಿಂದ ಓಡಿಸಿ, ಎದುರು ಬಾಗಿಲಿನಿಂದ ಕರೆದು ಗೋಡೆಗೆ ಹಚ್ಚಿದ್ದಾರೆ!

ಮರುದಿನ ಬೆಳಿಗ್ಗೆ ಇವರು ಹೊಳೆಗೆ ಸ್ನಾನಕ್ಕೆ ಹೋದ ಕೂಡಲೆ ಬೊಳ್ಳಿಯನ್ನು ಎತ್ತಿ ಜಗಲಿಯ ಗೋಡೆಯ ಬುಡದಲ್ಲಿ ಬಿಟ್ಟೆ. ಕಲಿಸಬೇಕಾಗಲಿಲ್ಲ. ಒಂದು ಸಲ ಕತ್ತು ಓರೆ ಮಾಡಿ ನೋಡಿದಳು, ಆಮೇಲೆ ಟಕ್ ಟಕ್ ಟಕ್. ಒಣಗಿದ ಸುಣ್ಣದ ಹಕ್ಕಳೆ ಹಪ್ಪಳದ ಹಾಗೆ ಅವಳ ಹೊಟ್ಟೆಗೆ ಹೋಯಿತು. ದಿನಾ ಇದೇ ನಮ್ಮ ಪೂಜೆ.

ಆದರೆ ಗೋಡೆಯಲ್ಲಿ ಕೋಳಿಯ ಎತ್ತರಕ್ಕೆ ಮಣ್ಣು ಕಾಣತೊಡಗಿತು. ಶನಿವಾರ ಭಜನೆಗೆ ಬಂದ ಮುಂಡಪ್ಪ ಬಾವ ಅದನ್ನು ಬಗ್ಗಿ ನೋಡಿದರು, ದೂರ ನಿಂತು ನೋಡಿದರು. "ಸ್ವಾಮೀ, ಇದು ಹುಲಿ ಅಲ್ವಾ?"

ಇವರೂ ನೋಡಿದರು. "ಹೌದಲ್ಲ ಸ್ವಾಮೀ! ಕಿವಿ ಉಂಟು, ಬೆನ್ನು ಉಂಟು!"

ಅಯ್ಯಪ್ಪನ ವಾಹನ ನಮ್ಮ ಜಗಲಿಗೆ ಬಂದಿದೆ ಎಂದು ಎಲ್ಲರೂ ಶರಣು ಕೂಗಿದರು. ಒಬ್ಬರು ಕುಂಕುಮ ಹಚ್ಚಿದರು. ಗೋಡೆಯನ್ನು ಯಾರೂ ಮುಟ್ಟಬಾರದು ಎಂದು ಬಾವ ಅಪ್ಪಣೆ ಮಾಡಿದರು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ಇರುಮುಡಿಗೆ ಉಳಿದದ್ದು ಒಂದೇ ವಾರ, ಬೊಳ್ಳಿಯ ಮೊಟ್ಟೆ ಈಗಷ್ಟೇ ತೊಗಲು ಬಿಟ್ಟು ಹಪ್ಪಳದಷ್ಟು ಗಟ್ಟಿಯಾಗುತ್ತಿತ್ತು.

ಏನು ಮಾಡುವುದು? ಹುಲಿಯ ಮೈ ಮುಟ್ಟದೆ ಅದರ ಹಿಂಬದಿಯ ಆಚೆಗೆ ಉಳಿದ ಸುಣ್ಣಕ್ಕೆ ಬೊಳ್ಳಿಯನ್ನು ಬಿಟ್ಟೆ. ದಿನ ಹೋದ ಹಾಗೆ ಹುಲಿಗೆ ಬಾಲ ಬೆಳೆಯಿತು. ಬಾಲ ಬಾಗಿಲಿನವರೆಗೆ ಬಂತು. ಇವರು ದಿನಾ ಬೆಳಿಗ್ಗೆ ಬಾಲ ನೋಡಿ ಗದ್ಗದರಾಗುತ್ತಿದ್ದರು, ನಾನು ಒಳಗೆ ಬಾಯಿಗೆ ಸೆರಗು ತುರುಕಿಕೊಳ್ಳುತ್ತಿದ್ದೆ.

ಇರುಮುಡಿ ಕಟ್ಟುವ ದಿನ ಬಂದೇ ಬಿಟ್ಟಿತು. ಬೆಳಿಗ್ಗೆಯಿಂದ ಬೊಳ್ಳಿ ಕಾಣಲಿಲ್ಲ. ಗೂಡು ನೋಡಿದೆ, ಸೌದೆ ಕೊಟ್ಟಿಗೆ ನೋಡಿದೆ, ಬೈಹುಲ್ಲಿನ ರಾಶಿಯಲ್ಲಿ ಕೈ ಹಾಕಿದೆ. ಜಗಲಿಯಲ್ಲಿ ತಾಳ, ಭಜನೆ, ಶರಣು. ನನಗೆ ಕಣ್ಣಲ್ಲಿ ನೀರು. ಅಮ್ಮಾ, ನೀನು ಕೊಟ್ಟದ್ದನ್ನು ಉಳಿಸಿಕೊಳ್ಳಲು ನನ್ನಿಂದಾಗಲಿಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

ಭಜನೆ ಮುಗಿಯಿತು, ಇನ್ನು ಇರುಮುಡಿ ಕಟ್ಟುವುದೊಂದೇ ಬಾಕಿ. ಬಾವ "ಅಯ್ಯಪ್ಪಾ" ಎಂದು ಮೂಲೆಯಲ್ಲಿ ಮಡಚಿಟ್ಟ ತಮ್ಮ ಕಂಬಳಿಯ ಮೇಲೆ ಕೂತರು. ಕೂತವರು ಮುಖ ಒಂಥರಾ ಮಾಡಿದರು.

"ಜಲಜ, ನನ್ನ ಕಂಬಳಿಯಲ್ಲಿ ಕಲ್ಲು ಇಟ್ಟದ್ದು ಯಾರು?"

ಎದ್ದು ಕಂಬಳಿ ಬಿಡಿಸಿದರು. ಒಂದು ಮೊಟ್ಟೆ. ಬಿಳಿ, ಬಿಸಿ, ಗಟ್ಟಿ. ಒಂದು ಬಿರುಕೂ ಇಲ್ಲ! ಜಗಲಿಯ ಆ ತುದಿಯಲ್ಲಿ ಬೊಳ್ಳಿ ಕೊಕ್ಕೊಕ್ಕೊಕ್ಕೋ ಎಂದು ಊರಿಗೆ ಕೇಳುವ ಹಾಗೆ ಕೂಗುತ್ತಿದ್ದಳು. ಆಗಿನಿಂದ ಕೂಗುತ್ತಿದ್ದಳೋ ಏನೋ, ತಾಳದ ಗಲಾಟೆಯಲ್ಲಿ ಯಾರಿಗೆ ಕೇಳಬೇಕು?

"ಗಟ್ಟಿ ಉಂಟಾ ಸ್ವಾಮೀ?" ಎಂದು ನಾನು ಇವರನ್ನೇ ಕೇಳಿದೆ.

ಇವರು ಬಾವನ ಸೊಂಟ ನೋಡಿದರು, ಮೊಟ್ಟೆ ನೋಡಿದರು. "ಬಾವ ಕೂತೂ ಒಡೆಯಲಿಲ್ಲ ಅಂದ್ರೆ ಇನ್ನು ಪರೀಕ್ಷೆ ಎಂತಕ್ಕೆ? ಹೇಳಿದ ಮಾತು ಹೇಳಿದ್ದೇ."

"ಎಂತ ಕೊಟ್ಟಿ ನೀನು ಅದಕ್ಕೆ?" ಎಂದರು ಬಾವ, ಮೈಲಿಗೆಯೆಂದು ಸ್ನಾನಕ್ಕೆ ಟವೆಲ್ ಹುಡುಕುತ್ತ.

"ನಿಮ್ಮ ಹುಲಿಯನ್ನು" ಎಂದೆ. ಮೊಯಿದಿನಬ್ಬರ ಚಿಪ್ಪಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಆಮೇಲೆ ಬಾವನ ಹೊಟ್ಟೆ ಕುಲುಕತೊಡಗಿತು. ಅವರು ನಗುವುದನ್ನು ನೋಡಿ ಉಳಿದವರೂ ನಕ್ಕರು. ಇವರು ಮಾತ್ರ ಬಾಲದ ಬುಡದಲ್ಲಿ ಕೂತು ಬಹಳ ಹೊತ್ತು ಗೋಡೆಯನ್ನೇ ನೋಡಿದರು.

ಬೆಟ್ಟದಿಂದ ಬಂದು ಮಾಲೆ ತೆಗೆದ ಮರುದಿನ ಬಾವನಿಗೂ ಇವರಿಗೂ ಕೋರಿ ಇಲ್ಲದ ರೊಟ್ಟಿ, ಮರ್ವಾಯಿ ಸುಕ್ಕ. ಇವರು ತಿಂದ ಒಂದೊಂದು ಚಿಪ್ಪನ್ನೂ ಹಿತ್ತಿಲಿಗೆ ಎಸೆಯುವಾಗ ಬೊಳ್ಳಿ ಬಾಗಿಲಲ್ಲೇ ಕಾದು ನಿಂತಿದ್ದಳು. ಮಾಲೆಗೂ ಮೊಟ್ಟೆಗೂ ಇರುವ ಸಂಬಂಧದ ಸುದ್ದಿಯನ್ನು ಮಾತ್ರ ಇವರು ಎತ್ತಲಿಲ್ಲ. ಗಂಡಸರು ಎಲ್ಲಿ ಎತ್ತುತ್ತಾರೆ?

ಮುಂದಿನ ವರ್ಷ ಮಾಲೆ ಹಾಕುವ ಹಿಂದಿನ ದಿನ ಇವರು ಹಿತ್ತಿಲಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದರು. ಕೈಯಲ್ಲಿ ಸುಣ್ಣದ ಬ್ರಶ್ಶು. ಜಗಲಿಗೆ ಇನ್ನೂ ಒಂದು ಹನಿ ಬಿದ್ದಿರಲಿಲ್ಲ. ಕೋಳಿಗೂಡಿನ ಗೋಡೆಗೆ, ಬೊಳ್ಳಿಯ ಕೊಕ್ಕಿನ ಎತ್ತರಕ್ಕೆ ಸರಿಯಾಗಿ, ದಪ್ಪಕ್ಕೆ ಬಳಿಯುತ್ತಿದ್ದರು.

"ಎಂತ ಇದು?" ಎಂದೆ.

"ಮಾಲೆ ಹಾಕುವುದು ನಾನು" ಎಂದರು ತಿರುಗಿ ನೋಡದೆ. "ಅವಳಿಗೆಂತಕ್ಕೆ ಉಪವಾಸ?"