ಹನ್ನೆರಡು ಜನರಾಚೆಯ ಒಂದು ಕಾಲು

ಪವಿತ್ರ ಗುರುವಾರದ ಸಂಜೆ ಕುಣಿಗಲ್ಲಿನ ಚರ್ಚಿನಲ್ಲಿ ಹನ್ನೆರಡು ಗಂಡಸರು ಸಾಲಾಗಿ ಕುಳಿತಿದ್ದರು. ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ ಫಾದರ್ ಈ ಹನ್ನೆರಡು ಜನರ ಕಾಲು ತೊಳೆಯಬೇಕು. ಎಲ್ಲರೂ ಮನೆಯಲ್ಲೇ ಸೋಪು ಹಾಕಿ ಉಜ್ಜಿಕೊಂಡು ಬಂದಿದ್ದರು. ಹಿರಿಯ ಅನಂತರಾಜು ಉಗುರನ್ನೂ ಕತ್ತರಿಸಿಕೊಂಡಿದ್ದ.

ಅಷ್ಟರಲ್ಲಿ ಹೂ ಮಾರುವ ಮರಿಯಮ್ಮ ಮುದುಕನೊಬ್ಬನನ್ನು ಹೆಗಲಿಗೆ ಆನಿಸಿಕೊಂಡು ಮೆಟ್ಟಿಲಿಗೆ ಬಂದಳು. ಅವನು ಹುಲಿಯೂರುದುರ್ಗದ ಚನ್ನಬಸವಯ್ಯ. ಸಕ್ಕರೆ ಕಾಯಿಲೆಯ ಹುಣ್ಣಿನಿಂದ ಬಲಗಾಲು ಕೊಳೆಯುತ್ತಿತ್ತು. ಇವತ್ತೇ ತುಮಕೂರಿಗೆ ಒಯ್ಯದಿದ್ದರೆ ಕಾಲು ಉಳಿಯದು ಎಂದಿದ್ದರು ಡಾಕ್ಟರು. ಆಂಬುಲೆನ್ಸು ಯಾವುದೋ ಅಪಘಾತಕ್ಕೆ ಹೋಗಿತ್ತು. ವಾಸನೆಗೆ ಆಟೋದವರು ಹತ್ತಿಸಿಕೊಂಡಿರಲಿಲ್ಲ.

"ಅನಂತರಾಜಣ್ಣ, ನಿಮ್ ವ್ಯಾನ್ ಬೇಕು. ಈಗ್ಲೇ."

ಅವನು ಬಾಗಿಲಿಗೆ ಬಂದು ಮೂಗು ಮುಚ್ಚಿಕೊಂಡ. "ಪೂಜೆ ಶುರುವಾಗ್ತೈತೆ ಮರಿಯಮ್ಮ. ಮುಗೀಲಿ, ನೋಡಾಣ. ಒಳಗಂತೂ ಕರ್ಕೊಂಡ್ ಬರ್ಬೇಡ, ಜನ ಎದ್ದೋಯ್ತಾರೆ."

ಮುದುಕ ಹಣೆ ಮುಟ್ಟಿಕೊಂಡ. "ವಿಭೂತಿ ಅಳಿಸ್ಕೊಂಬುಡ್ಲೇನವ್ವ? ಅದ್ಕೇ ಬ್ಯಾಡ ಅಂತಾವ್ರೇನೋ."

"ಹಣೆ ಹಂಗೇ ಇರ್ಲಿ ಅಜ್ಜ. ಕಾಲು ಚಾಚಿ ಕೂತ್ಕಳಿ."

ಅವಳು ನೆಟ್ಟಗೆ ಒಳಗೆ ನಡೆದು, ಪೀಠದ ಪಕ್ಕದಲ್ಲಿದ್ದ ಹಿತ್ತಾಳೆ ಬೋಗುಣಿ, ಹೂಜಿ, ಬಿಳಿ ಟವೆಲ್ಲು ಎತ್ತಿಕೊಂಡಳು.

"ಏಯ್, ಅದು ಫಾದರ್ ಮುಟ್ಟೋದು ಕಣೇ!" ಎಂದು ಸಾಲಿನಲ್ಲಿ ಕುಳಿತವನೊಬ್ಬ ಕೂಗಿದ.

"ಗೊತ್ತು. ನಿಮ್ ಕಾಲು ಆಗ್ಲೇ ಘಮಘಮ ಅಂತಾವೆ. ತಡೆಯೋರು ಬಂದು ತಡೀರಿ."

ಯಾರೂ ಏಳಲಿಲ್ಲ. ಅವಳು ಮೆಟ್ಟಿಲ ಮೇಲೆ ಕುಳಿತು, ಅಂಟಿದ್ದ ಬಟ್ಟೆಯನ್ನು ನೆನೆಸಿ ಬಿಚ್ಚಿ, ಮೆಲ್ಲಗೆ ನೀರು ಸುರಿದಳು. ಮುದುಕ ಹಲ್ಲುಕಚ್ಚಿ "ಶಿವನೇ" ಎಂದ. ಅವಳು "ಯೇಸುವೇ" ಎಂದಳು. ಎರಡು ಹೆಸರೂ ಆ ನೀರಿನಲ್ಲಿ ಜಗಳವಾಡಲಿಲ್ಲ.

ಪೂಜೆಯ ಉಡುಪಿನಲ್ಲೇ ಫಾದರ್ ಹೊರಗೆ ಬಂದರು. "ಬೋಗುಣಿ ಕೊಡಮ್ಮ, ಜನ ಕಾಯ್ತಿದ್ದಾರೆ."

"ಕೊಡಾಕಿಲ್ಲ ಫಾದರ್. ಈವಯ್ಯ ವ್ಯಾನ್ ಹತ್ಲಿ, ಆಮೇಲೆ ಕೊಡ್ತೀನಿ. ನನ್ನ ಚರ್ಚಿಂದ ಹೊರಗ್ ಹಾಕಿದ್ರೂ ಸರಿ. ಹೊರಗೇ ತಾನೆ ಕೂತಿರೋದು."

ಫಾದರ್ ಆ ಕಾಲನ್ನು ನೋಡಿದರು. ಆಮೇಲೆ ಬಗ್ಗಿ, ಟವೆಲ್ಲಿನಿಂದ ತಾವೇ ಒರೆಸಿ, ತಿರುಗದೆಯೇ ಹೇಳಿದರು: "ಅನಂತರಾಜು, ವ್ಯಾನ್ ತೆಗೀರಿ. ಹನ್ನೊಂದು ಜನಕ್ಕೆ ತೊಳೀತೀನಿ."

"ಸೀಟು, ಫಾದರ್..."

"ನನ್ ಸೆರಗು ಹಾಸ್ತೀನಿ, ನಡೀರಣ್ಣ," ಎಂದು ಮರಿಯಮ್ಮ ಎದ್ದಳು.

ಹೆಬ್ಬೂರು ದಾಟುವಾಗ ಅನಂತರಾಜು ಗೊಣಗಿದ: "ತಡಿಯಾಕಾಗ್ತಿಲ್ಲ ಕಣಮ್ಮ, ಈ ವಾಸನೆ."

"ಕಿಟಕಿ ಇಳಿಸ್ಕಳಿ," ಎಂದಳು ಹಿಂದಿನಿಂದ. "ವ್ಯಾನ್ ಮಾತ್ರ ನಿಲ್ಲಿಸ್ಬೇಡಿ."